ಕೈ ರೇಡಿಯೊ ಹಿಡಿದು ಬಾಹ್ಯಾಕಾಶ ನಿಲ್ದಾಣದ ಮೂಲಕ ಮಾತನಾಡುವುದು ಹೇಗೆ?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಹವ್ಯಾಸಿ ರೇಡಿಯೊ ರಿಪೀಟರ್ (ಬಂದ ದನಿಯನ್ನು ಬೇರೆ ಆವರ್ತನದಲ್ಲಿ ಮರಳಿ ಬಿತ್ತರಿಸುವ ಯಂತ್ರ) ಮೂಲಕ ಮಾತನಾಡಲು 5 ವಾಟ್‌ನ ಹ್ಯಾಂಡಿ, ಅಂದರೆ ಕೈ ರೇಡಿಯೊ, ಧಾರಾಳವಾಗಿ ಸಾಕು. ನೆತ್ತಿಯ ಮೇಲೆ ಬಂದಾಗ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ನಡುವೆ ಕಟ್ಟಡವಾಗಲಿ ಗುಡ್ಡವಾಗಲಿ ಅಡ್ಡ ಬರುವುದಿಲ್ಲ. ನಾನು ಕಂಡ ಹೊಸಬರಲ್ಲಿ ಹೆಚ್ಚಿನವರು ಸೋತಿದ್ದು ಶಕ್ತಿ ಸಾಲದೆ ಅಲ್ಲ, ತಮಗೇ ಏನೂ ಕೇಳಿಸದಿದ್ದರೂ ಗುಂಡಿ ಒತ್ತಿ ಕರೆಯುತ್ತಲೇ ಇದ್ದುದರಿಂದ.

ಹಂತ 1: ಹವ್ಯಾಸಿ ರೇಡಿಯೊ ಪರವಾನಗಿ ಕೈಯಲ್ಲಿರಲಿ. ಉಪಗ್ರಹ ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ಅಂದಿನ ಕಕ್ಷಾ ಮಾಹಿತಿಯನ್ನು ಹೊಸದಾಗಿ ಇಳಿಸಿಕೊಂಡು, ನಿಲ್ದಾಣ ದಿಗಂತದಿಂದ 40 ಡಿಗ್ರಿಗಿಂತ ಎತ್ತರಕ್ಕೆ ಏರುವ ಹಾಯುವಿಕೆಯನ್ನೇ (ನಮ್ಮ ಆಕಾಶವನ್ನು ಅದು ಒಮ್ಮೆ ದಾಟುವುದನ್ನು) ಆರಿಸಿಕೊಳ್ಳಿ. ರಿಪೀಟರ್ ಅಂದು ಚಾಲೂ ಇದೆಯೇ ಎಂದೂ ವಿಚಾರಿಸಿಕೊಳ್ಳಿ, ಶಾಲಾ ಮಕ್ಕಳೊಂದಿಗಿನ ಸಂವಾದದಂಥ ಸಂದರ್ಭಗಳಲ್ಲಿ ಅದನ್ನು ನಿಲ್ಲಿಸಿರುತ್ತಾರೆ.

ಹಂತ 2: ಹ್ಯಾಂಡಿಯೊಡನೆ ಬರುವ ಗಿಡ್ಡ ರಬ್ಬರ್ ಆಂಟೆನಾವನ್ನು ಕಳಚಿಡಿ. ‘ಹೈ ಗೇನ್’ ಎಂದು ಮಾರುವ ಉದ್ದನೆಯ ಕಡ್ಡಿಗಳಿಗೂ ದುಡ್ಡು ಸುರಿಯಬೇಡಿ. ಪಿವಿಸಿ ಕೊಳವೆ, ಅಳತೆಯ ಉಕ್ಕಿನ ಟೇಪು ಬಳಸಿ ಮನೆಯಲ್ಲೇ ಕಟ್ಟಿದ ಯಾಗಿ ಆಂಟೆನಾ (ಕಡ್ಡಿಗಳ ಸಾಲಿರುವ, ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ) ಅವೆಲ್ಲಕ್ಕಿಂತ ಮೇಲು.

ಹಂತ 3: ಕಳುಹಿಸುವ ಆವರ್ತನ 145.990 ಮೆಗಾಹರ್ಟ್ಸ್, ಜೊತೆಗೆ 67 ಹರ್ಟ್ಸ್ ಟೋನ್ (ಮಾತಿನ ಜೊತೆ ಸೆಟ್ಟೇ ಕಳುಹಿಸುವ ಗುರುತಿನ ನಾದ). ಟೋನ್ ಮರೆತರೆ ರಿಪೀಟರ್ ತೆರೆಯುವುದೇ ಇಲ್ಲ. ಕೇಳುವುದಕ್ಕೆ 437.810, 437.805, 437.800, 437.795, 437.790 ಎಂಬ ಐದು ಚಾನೆಲ್‌ಗಳನ್ನು ಇದೇ ಕ್ರಮದಲ್ಲಿ ತುಂಬಿಸಿಡಿ.

ಹಂತ 4: ಕೆಲಸ ಕೆಡುವುದು ಇಲ್ಲಿಯೇ. ನಿಲ್ದಾಣ ನಮ್ಮತ್ತ ಧಾವಿಸುವಾಗ ಡಾಪ್ಲರ್ ಪರಿಣಾಮದಿಂದ ಅದರ ಆವರ್ತನ ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಕೇಳಿಸುತ್ತದೆ. ಆದ್ದರಿಂದ ಸ್ಕ್ವೆಲ್ಚ್ (ಸಂಕೇತ ಇಲ್ಲದಾಗ ಸದ್ದನ್ನು ಅಡಗಿಸುವ ವ್ಯವಸ್ಥೆ) ಪೂರ್ತಿ ತೆರೆದು, 437.810ರಲ್ಲಿ ಬರಿಯ ಸದ್ದಿನಿಂದ ಆರಂಭಿಸಿ, ಮಾತು ಗೊಗ್ಗರಾದ ಕೂಡಲೇ ಮುಂದಿನ ಚಾನೆಲ್‌ಗೆ ಇಳಿಯಿರಿ. ಆವರ್ತನದ ಬದಲಾವಣೆ ಸಮವಾಗಿರುವುದಿಲ್ಲ: ಮೊದಲ ಕೆಲವು ನಿಮಿಷ ನಿಧಾನ, ನೆತ್ತಿಯ ಬಳಿ ಹಾಯುವಾಗ ಮಾತ್ರ 437.805ರಿಂದ 437.795ಕ್ಕೆ ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಜಾರುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ಪರದೆ ನೋಡುತ್ತ ನಿಂತವರ ಕಿವಿಗೆ ದನಿ ತಪ್ಪಿಹೋಗುತ್ತದೆ. ಆಂಟೆನಾ ನಿಲ್ದಾಣದತ್ತ ಸರಿಯಾಗಿ ತಿರುಗಿದ್ದರೂ ದನಿ ಕುಂದಿದರೆ ದಿಕ್ಕು ಬದಲಿಸಬೇಡಿ, ಮುಂಗೈಯನ್ನು ನಿಧಾನವಾಗಿ ತಿರುಚಿ ಆಂಟೆನಾದ ಕಡ್ಡಿಗಳನ್ನು ಅಡ್ಡದಿಂದ ಲಂಬಕ್ಕೆ ಹೊರಳಿಸಿ. ಅಲೆಯ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ಬದಲಾಗುತ್ತಿರುವುದರಿಂದ ಇಷ್ಟರಲ್ಲೇ ದನಿ ಮರಳಿ ಏಳುವುದುಂಟು.

ಕಳುಹಿಸಲು ಒಂದು, ಕೇಳಲು ಇನ್ನೊಂದು ಹ್ಯಾಂಡಿ ಇಟ್ಟುಕೊಂಡು, ಇಯರ್‌ಫೋನಿನಲ್ಲಿ ನಿಮ್ಮದೇ ದನಿ ಮೇಲಿನಿಂದ ಮರಳುವುದನ್ನು ಕೇಳುತ್ತ ಮಾತನಾಡುವುದೇ ಸರಿಯಾದ ಕ್ರಮ. ಅಗ್ಗದ ಸೆಟ್‌ಗಳಲ್ಲಿ ಒಂದು ತೊಡಕಿದೆ: 145.990ರ ಮೂರು ಪಟ್ಟು 437.970, ಅಂದರೆ ಕೇಳುವ ಆವರ್ತನದ ಪಕ್ಕದಲ್ಲೇ. ಶೋಧಕ (ಫಿಲ್ಟರ್) ಸರಿಯಿಲ್ಲದ ಸೆಟ್ಟಿನಿಂದ ಸೋರುವ ಈ ಹಾರ್ಮೋನಿಕ್ (ಮೂಲ ಆವರ್ತನದ ಪಟ್ಟುಗಳಲ್ಲಿ ಏಳುವ ಬೇಡದ ಅಲೆ) ಪಕ್ಕದ ಸೆಟ್ಟನ್ನು ಕಿವುಡಾಗಿಸುತ್ತದೆ. ಮನೆಯಲ್ಲೇ ಎರಡನ್ನೂ ಒಟ್ಟಿಗೆ ಪರೀಕ್ಷಿಸಿ, ಶಕ್ತಿಯನ್ನು 1 ವಾಟ್‌ಗೆ ಇಳಿಸಿಯೂ ನೋಡಿ.

ಹಂತ 5: ಇಬ್ಬರ ಮಾತಿನ ನಡುವಿನ ತೆರವಿನಲ್ಲಿ ನಿಮ್ಮ ಕರೆಸಂಕೇತ (ಪರವಾನಗಿಯೊಡನೆ ಸಿಗುವ ಗುರುತು) ಮತ್ತು ಗ್ರಿಡ್ (ನೀವಿರುವ ಪ್ರದೇಶವನ್ನು ಸೂಚಿಸುವ ಸಂಕೇತ) ಅನ್ನು ಒಮ್ಮೆ ಹೇಳಿ. ಬೆಂಗಳೂರು, ಮೈಸೂರಿಗೆ ಎಂಕೆ 82, ಮಂಗಳೂರಿಗೆ ಎಂಕೆ 72. ಉತ್ತರ ಬಂದರೆ ಅವರ ಕರೆಸಂಕೇತವನ್ನು ಮರಳಿ ಹೇಳಿ, ವಂದಿಸಿ, ಜಾಗ ಬಿಟ್ಟುಕೊಡಿ. ಇಡೀ ಹಾಯುವಿಕೆ ಹತ್ತು ನಿಮಿಷ ಮಾತ್ರ, ಕಾಯುತ್ತಿರುವವರು ಹಲವರು. ಎರಡೂ ಕೈ ತುಂಬಿರುವುದರಿಂದ ಬರೆಯಲು ಹೋಗದೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆಮೇಲೆ ಕೇಳಿ ಲಾಗ್ ಪುಸ್ತಕ ತುಂಬಿಸಿ.