ಹುಡುಗ ದುಬೈಯಲ್ಲಿ, ಮದುವೆ ಮಂಗಳೂರಿನ ಚರ್ಚಿನಲ್ಲಿ

ರಜೆ ಸಿಕ್ಕ ಮೇಲೆ ಮದುವೆ ಕೆಲಸ ಶುರು ಮಾಡೋಣ ಅಂತ ಗಲ್ಫ್‌ನಲ್ಲಿರುವ ಹುಡುಗರು ಹೇಳುತ್ತಾರೆ. ಕಥೋಲಿಕ ಮದುವೆಗೆ ಆ ಲೆಕ್ಕ ನಡೆಯುವುದಿಲ್ಲ. ನನ್ನವರು ವಿಮಾನ ಇಳಿಯುವ ಹೊತ್ತಿಗೆ ನಮ್ಮ ಚರ್ಚಿನ ಕಾಗದಪತ್ರ ಹೆಚ್ಚುಕಡಿಮೆ ಮುಗಿದಿತ್ತು. ಅದು ಹೇಗಾಯಿತು ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ.

ಪರಿಚಯ ಆಗಿದ್ದು ಚರ್ಚಿನ ಯುವ ಸಂಘಟನೆ ಐಸಿವೈಎಂನಲ್ಲಿ. ಅವರು ದುಬೈಗೆ ಹೋದ ಮೇಲೆ ಉಳಿದದ್ದು ಫೋನು. ಅಲ್ಲಿ ವಾಟ್ಸ್‌ಆಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಕಾಲ್ ಮಾಡಲು ಬೋಟಿಮ್ ಅನ್ನುವ ಆ್ಯಪ್ ಹಾಕಿಕೊಂಡೆವು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಡ್ಯೂಟಿ ಮುಗಿಸಿ ರೂಮಿಗೆ ಬರುವಾಗ ನನಗೆ ನಿದ್ದೆ ಎಳೆಯುತ್ತಿತ್ತು. ‘ಊಟ ಆಯ್ತಾ, ಏನು ಪದಾರ್ಥ’ ಅನ್ನುವುದರಾಚೆ ಮಾತು ಹೋಗುತ್ತಲೇ ಇರಲಿಲ್ಲ.

ಒಂದು ದಿನ ಅವರೇ, ಜಪಸರ (ರೋಸರಿ ಪ್ರಾರ್ಥನೆ) ಒಟ್ಟಿಗೆ ಹೇಳೋಣ ಅಂದರು. ಅದರಲ್ಲಿ ಐದು ಭಾಗ, ಒಂದೊಂದಕ್ಕೂ ರಹಸ್ಯ ಅನ್ನುತ್ತೇವೆ. ಒಂದು ಅವರು ನಡೆಸುವುದು, ಮುಂದಿನದು ನಾನು. ಪ್ರತಿ ರಹಸ್ಯಕ್ಕೂ ಮೊದಲು ಇದು ಯಾರಿಗಾಗಿ ಅಂತ ಹೇಳಬೇಕು. ನಮ್ಮನ್ನು ಹತ್ತಿರ ತಂದದ್ದು ಇದೇ. ಅವರ ಅಮ್ಮನ ಶುಗರ್, ಕೆಲಸ ಹೋಗಿ ಮಂಕಾಗಿದ್ದ ರೂಮ್‌ಮೇಟ್, ತಂಗಿಯ ಓದಿಗೆ ಮಾಡಿದ ಸಾಲ, ಎಲ್ಲ ಗೊತ್ತಾಗಿದ್ದು ಹಾಗೆ. ‘ನಿಮಗೆ ಸಾಲ ಎಷ್ಟಿದೆ’ ಅಂತ ನಾನು ನೇರ ಕೇಳುತ್ತಿದ್ದೆನಾ? ಇಲ್ಲ. ಪ್ರಾರ್ಥನೆಯಲ್ಲಿ ಸುಳ್ಳು ಹೇಳುವುದು ಕಷ್ಟ, ಅಲ್ವಾ?

ಪ್ರಪೋಸಲ್ ಸಿನಿಮಾದ ಹಾಗೇನೂ ಇರಲಿಲ್ಲ. ‘ನಿನಗೆ ಒಪ್ಪಿಗೆ ಇದ್ರೆ ಮನೆಯವರನ್ನ ಕಳಿಸ್ತೇನೆ’ ಅಂದರು. ಮನೆಯವರು ಬಂದರು. ಅಪ್ಪ ಸ್ಪೀಕರ್ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಮದುವೆ ಆಗಿ ಇವಳನ್ನ ಇಲ್ಲೇ ಬಿಟ್ಟು ಹೋಗ್ತೀಯಾ?’ ಹೆಂಡತಿಯ ವೀಸಾಕ್ಕೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಜೊತೆಗೆ ವಸತಿ ತೋರಿಸಬೇಕು. ಅವರು ಅದನ್ನು ಮೊದಲೇ ವಿಚಾರಿಸಿ ಇಟ್ಟಿದ್ದರು. ಅಪ್ಪನಿಗೆ ಅಷ್ಟು ಸಾಕಾಯಿತು.

ಮುಂದಿನದು ತಾರೀಕು. ಹೆಚ್ಚಿನವರು ಮೊದಲು ಹಾಲ್ ಹುಡುಕುತ್ತಾರೆ. ನಾವು ಮೊದಲು ಹೋದದ್ದು ಫಾದರ್ ಹತ್ತಿರ. ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲ, ಈಸ್ಟರ್‌ಗೆ ಮೊದಲಿನ ತಪಸ್ಸಿನ ಕಾಲ, ಎರಡರಲ್ಲೂ ನಮ್ಮಲ್ಲಿ ಮದುವೆ ಇಡುವುದಿಲ್ಲ. ಆಮೇಲೆ ಕಾಗದಪತ್ರ. ಹಳೇ ಜ್ಞಾನಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟ್ ನಡೆಯುವುದಿಲ್ಲ, ಹೊಸದಾಗಿ ತೆಗೆಸಬೇಕು. ಮದುವೆಯಾದರೆ ಜ್ಞಾನಸ್ನಾನದ ರಿಜಿಸ್ಟರ್‌ನಲ್ಲೇ ಬರೆದಿಡುತ್ತಾರೆ. ಹಾಗಾಗಿ ಹೊಸ ಪ್ರತಿ ನೋಡಿದರೆ ಹಿಂದೆ ಚರ್ಚಿನಲ್ಲಿ ಮದುವೆ ಆಗಿದೆಯಾ ಅಂತ ಗೊತ್ತಾಗುತ್ತದೆ. ದೂರದ ಸಂಬಂಧದಲ್ಲಿ ಹುಡುಗಿ ಮನೆಯವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಮದುವೆ ತಯಾರಿಯ ಕೋರ್ಸ್ ಅವರು ದುಬೈಯ ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಮಾಡಿದರು, ನಾನು ಇಲ್ಲಿ. ಫಾದರ್ ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುವುದೂ ಹಾಗೇ, ಅವರದು ಅಲ್ಲಿ, ನನ್ನದು ಇಲ್ಲಿ. ಯಾರಾದರೂ ಒತ್ತಾಯ ಮಾಡಿದ್ದಾರಾ ಅಂತಲೂ ಕೇಳುತ್ತಾರೆ. ಅವರು ಅವಿವಾಹಿತರು ಅನ್ನುವ ಪತ್ರವೂ ಅಲ್ಲಿಂದಲೇ ಬಂತು. ಆಮೇಲೆ, ಈ ಮದುವೆಗೆ ಅಡ್ಡಿ ಇದ್ದರೆ ಯಾರಾದರೂ ಹೇಳಲಿ ಅಂತ, ಇಬ್ಬರ ಊರಿನ ಚರ್ಚಿನಲ್ಲೂ ಮೂರು ಭಾನುವಾರ ನಮ್ಮ ಹೆಸರು ಓದಿದರು.

ಮದುವೆಯ ಪೂಜೆಯಲ್ಲಿ ಓದುವ ಬೈಬಲ್ ಭಾಗ ನಾವೇ ಆರಿಸಿದೆವು. ಎಲ್ಲರೂ ಕೊರಿಂಥದವರಿಗೆ ಬರೆದ ಪತ್ರದ ಪ್ರೀತಿಯ ಅಧ್ಯಾಯ ಓದಿಸುತ್ತಾರೆ. ನಾವು ತೊಬೀತನ ಪುಸ್ತಕ ತೆಗೆದುಕೊಂಡೆವು. ಅದರಲ್ಲಿ ದೂರದಿಂದ ಬಂದ ತೊಬಿಯ ಮದುವೆಯ ರಾತ್ರಿ ಸಾರಾಳ ಜೊತೆ ಎದ್ದು ನಿಂತು ಪ್ರಾರ್ಥಿಸುತ್ತಾನೆ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರಕ್ಕೆ ಡಿಜೆ ಬೇಕು ಅಂತ ನೆಂಟರು ಹಠ ಹಿಡಿದರು. ತೆಂಗಿನ ಹಾಲು, ವೊವಿಯೊ ಅನ್ನುವ ಕೊಂಕಣಿ ಮದುವೆ ಹಾಡು ಹಾಡುವ ಅಜ್ಜಿಯಂದಿರು, ಅಷ್ಟೇ ಸಾಕು ಅಂದೆವು. ಅಜ್ಜಿಯಂದಿರ ಗಲಾಟೆ ಡಿಜೆಗೆ ಕಮ್ಮಿ ಇರಲಿಲ್ಲ.

ಮದುವೆ ಮುಗಿದ ತಕ್ಷಣ ರಿಜಿಸ್ಟ್ರಾರ್ ಆಫೀಸಿಗೂ ಹೋಗಿ. ವೀಸಾಕ್ಕೆ ನಮ್ಮಿಂದ ಕೇಳಿದ್ದು ಆ ಆಫೀಸಿನ ಸರ್ಟಿಫಿಕೇಟ್. ಅದಕ್ಕೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ದುಬೈಯಲ್ಲಿ, ಹೀಗೆ ಸೀಲು ಬೀಳುತ್ತಾ ಹೋಗಬೇಕು. ಅಷ್ಟರಲ್ಲಿ ಅವರ ರಜೆ ಮುಗಿದಿತ್ತು. ಇನ್ನೊಂದು ಮಾತು. ನಮ್ಮ ಕಡೆ ಡಿಸೋಜ, ಡಿಸಿಲ್ವ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ ಆದ ಮೇಲೆ ಒಂದು ಚಿಹ್ನೆ (ಅಪಾಸ್ಟ್ರಫಿ) ಹಾಕುತ್ತಾರೆ. ಪಾಸ್‌ಪೋರ್ಟಿನಲ್ಲಿ ಅದು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಮದುವೆ ಸರ್ಟಿಫಿಕೇಟ್‌ನಲ್ಲೂ ಬರೆಸಿ.