ಆಷಾಢದ ಮಳೆಯಲ್ಲಿ ಕಪ್ಪು ಹಾಳೆಗೆ ಚಿತ್ರ ಅಂಟಿಸಿದ್ದು: ನಮ್ಮ ಅನುಭವ

ಚಿತ್ರಗಳನ್ನು ಬೇರೆಯಾಗಿ ಅಚ್ಚು ಹಾಕಿಸಿ ಕೈಯಲ್ಲಿ ಅಂಟಿಸುವ ಕಲಾ ಸಂಚಿಕೆ ಚಿಕ್ಕಮಗಳೂರಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಆಗದ ಮಾತು. ಶಿವಕಾಶಿಗೆ ಕಳಿಸಿಬಿಡಿ ಎಂದವರೇ ಎಲ್ಲರೂ. ಇಲ್ಲೇ ಆಯಿತು. ಹೊಯ್ಸಳ ಶಿಲ್ಪದ 12 ಚಿತ್ರ, 300 ಪ್ರತಿ, ಒಟ್ಟು 3,600 ಅಂಟು. ಒಂದು ಮಳೆಗಾಲ ಪೂರ್ತಿ ಕಳೆದರೂ ಹಾಳೆ ಅಲೆ ಎದ್ದಿಲ್ಲ.

ವಿಧಾನ ಹಳೆಯದೇ. ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಸ್ಟೀಗ್ಲಿಟ್ಸ್ 1903ರಿಂದ 1917ರವರೆಗೆ ತಂದ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ತೆಳು ಜಪಾನಿ ಕಾಗದದ ಚಿತ್ರಗಳನ್ನು ಹೀಗೇ ಅಂಟಿಸುತ್ತಿದ್ದರು. ಇಟಲಿಯ ಪ್ರಕಾಶಕ ಫ್ರಾಂಕೊ ಮರಿಯ ರಿಚ್ಚಿ 1982ರಲ್ಲಿ ತಮ್ಮ ಹೆಸರಿನ ಮೂರು ಅಕ್ಷರವನ್ನೇ ಇಟ್ಟು ‘ಎಫ್‌ಎಂಆರ್’ ಕಲಾ ಪತ್ರಿಕೆ ಶುರು ಮಾಡುವ ಮೊದಲೇ, ಕಪ್ಪು ರೇಷ್ಮೆಯ ರಟ್ಟು, ಚಿನ್ನದ ಅಚ್ಚು, ಫಾಬ್ರಿಯಾನೊದ ನೀಲಿ ಕಾಗದ, ಅದರ ಮೇಲೆ ಅಂಟಿಸಿದ ಚಿತ್ರ ಎಂಬ ಕ್ರಮದಲ್ಲಿ ಪುಸ್ತಕ ಮಾಡುತ್ತಿದ್ದರು. ನಮ್ಮಲ್ಲಿ 1946ರಲ್ಲಿ ಮುಂಬಯಿಯಿಂದ ಹೊರಟ ‘ಮಾರ್ಗ್’, ಅದಕ್ಕೂ ಮುಂಚೆ 1920ರಲ್ಲಿ ಕಲ್ಕತ್ತೆಯಿಂದ ಓ.ಸಿ. ಗಂಗೂಲಿಯವರು ತಂದ ‘ರೂಪಂ’ ಎಂಬ ಕಲಾ ಪತ್ರಿಕೆಗಳಿದ್ದವು. ನಾವು ರಿಚ್ಚಿಯವರಿಂದ ಕಪ್ಪನ್ನೂ ಸ್ಟೀಗ್ಲಿಟ್ಸರಿಂದ ಅಂಟನ್ನೂ ತೆಗೆದುಕೊಂಡೆವು.

ಮೊದಲ ಪೆಟ್ಟು ಬಿದ್ದದ್ದು ಗ್ರೇನ್‌ನಲ್ಲಿ, ಅಂದರೆ ಕಾಗದದ ನಾರು ಓಡುವ ದಿಕ್ಕಿನಲ್ಲಿ. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ) ಕಪ್ಪು ಕಾಗದ, 23×36 ಇಂಚು, ಹಾಳೆಗೆ ಇಪ್ಪತ್ತು ರೂಪಾಯಿ ಆಸುಪಾಸು. ಎಲ್ಲರೂ ಮಾಡುವ ಹಾಗೆ 9×11½ ನಿಲುವು ಅಳತೆಗೆ ಮಡಿಸಿದೆವು. ಕಾಗದದ ಗ್ರೇನ್ 36ರ ಉದ್ದಕ್ಕಿತ್ತು. ಮಡಿಸಿದ ಮೇಲೆ ಅದು ಹೊಲಿಗೆ ಬೀಳುವ ಬೆನ್ನಿಗೆ ಅಡ್ಡ ಬಂತು. ಜುಲೈ ಮಳೆ ಹಿಡಿದ ನಾಲ್ಕನೇ ದಿನ ಹೊಲಿದಿಟ್ಟ ಎಂಬತ್ತು ಪ್ರತಿಗಳೂ ಬೆನ್ನಿನ ಹತ್ತಿರ ಹಪ್ಪಳದಂತೆ ಸೊಟ್ಟಗಾದವು. ಮೂವತ್ತು ಸಾವಿರದ ಮೇಲೆ ನೀರಲ್ಲಿ ಹೋಯಿತು. ಅಡ್ಡ ಗ್ರೇನ್ ಹಾಳೆ ತರಿಸೋಣವೆಂದರೆ ಅಷ್ಟು ಕಡಿಮೆ ಹಾಳೆ ಯಾರೂ ಕೊಡುವುದಿಲ್ಲ. ಕೊನೆಗೆ ಅದೇ ಹಾಳೆಯನ್ನು 23×9ರ ನಾಲ್ಕು ತುಂಡು ಮಾಡಿ ನಡುವೆ ಮಡಿಸಿದೆವು. ಸಂಚಿಕೆ ಅಡ್ಡಲಾಯಿತು, ಅಗಲ 11½, ಎತ್ತರ 9, ಗ್ರೇನ್ ಬೆನ್ನಿನ ಜೊತೆಗೇ ಬಂತು. ಒಂದು ಅಂಗುಲವೂ ವ್ಯರ್ಥವಿಲ್ಲ. ಹಳೇಬೀಡಿನ ಆನೆ, ಕುದುರೆ ಸಾಲಿನ ಪಟ್ಟಿಕೆಗಳಿಗೆ ಈ ಅಡ್ಡ ಅಳತೆಯೇ ಸರಿ. ಬೇಲೂರಿನ ಮದನಿಕೆಗಳು ನಿಲುವು ಚಿತ್ರ. ಅವುಗಳ ಪಕ್ಕ ಉಳಿಯುವ ಕಪ್ಪು ಜಾಗದಲ್ಲಿ ವಿವರಣೆಯನ್ನು ಬೂದು ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್ ಹಾಕಿಸಿದೆವು.

ಚಿತ್ರಗಳದ್ದು ಬೇರೆ ಕಷ್ಟ. ಬಳಪದ ಕಲ್ಲು ಗಾಢ ಬೂದು, ಮದನಿಕೆ ನಿಂತಿರುವುದು ಸೂರಿನ ನೆರಳಲ್ಲಿ. ಬರೀ ಕಪ್ಪಿನಲ್ಲಿ ಹಾಕಿಸಿದರೆ ಕಲ್ಲು ಸಿಮೆಂಟಿನಂತೆ ಕಾಣುತ್ತದೆ. ನಾಲ್ಕು ಬಣ್ಣದಲ್ಲಿ ಹಾಕಿಸಿದರೆ ಒಂದು ಹಾಳೆ ಕೆಂಪಗೆ, ಮುಂದಿನದು ಹಸಿರಾಗಿ ಬರುತ್ತದೆ. ಎರಡೇ ಇಂಕು ಸಾಕು: ಕಪ್ಪಿನ ಚುಕ್ಕಿಸಾಲು 45 ಡಿಗ್ರಿ ಓರೆಗೆ, ಎರಡನೆಯದರದ್ದು 75ಕ್ಕೆ. ಕಪ್ಪು ಪ್ಲೇಟಿನಲ್ಲಿ ನೆರಳನ್ನು 90 ಪರ್ಸೆಂಟ್ ದಾಟಿಸಬೇಡಿ, ದಾಟಿದರೆ ಸೊಂಟಪಟ್ಟಿಯ ಕೊರೆತವೆಲ್ಲ ಮುಚ್ಚಿಹೋಗುತ್ತದೆ. 170 ಜಿಎಸ್‌ಎಂ ಮ್ಯಾಟ್ ಕಾಗದ, 18×23ರಲ್ಲಿ ಆರು ಚಿತ್ರ, ಹಾಗಾಗಿ ಎರಡು ಫಾರಂ (ಒಟ್ಟಿಗೆ ಅಚ್ಚಾಗುವ ಹಾಳೆ), ಇಂಕಿಗೊಂದರಂತೆ ನಾಲ್ಕು ಪ್ಲೇಟ್. ಎರಡನೆಯ ಇಂಕಿನ ಬೆರಕೆ ಮಾತ್ರ ನಮ್ಮಲ್ಲೇ ಇರಲಿ. ಬೇಲೂರಿನ ಕಲ್ಲಿನ ಚೂರನ್ನು ಒದ್ದೆ ಮಾಡಿ, ಒಣಗಿಸಿ, ಎರಡರ ನಡುವಿನ ಬಣ್ಣ ಹಿಡಿಯಲು ಮೂರು ವಾರ ಹಿಡಿಯಿತು.

ಇನ್ನು ಅಂಟು. ಬರೀ ಬಿಳಿ ಗೋಂದು ಬೇಗ ಹಿಡಿದುಬಿಡುತ್ತದೆ, ಚಿತ್ರ ಸರಿಪಡಿಸಲು ಸಮಯ ಸಿಗುವುದಿಲ್ಲ. ಬರೀ ಮೈದಾ ಅಂಟಿನ ನೀರಿಗೆ ಹಾಳೆ ಉಬ್ಬುತ್ತದೆ. ಮೂರು ಪಾಲು ಗೋಂದಿಗೆ ಒಂದು ಪಾಲು ಗಟ್ಟಿ ಮೈದಾ ಅಂಟು, ಮತ್ತೆ ನೀರು ಸೋಕಿಸಕೂಡದು. ಹುಳಕ್ಕೆಂದು ಬೈಂಡರುಗಳು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ, ತೋಟದ ಊರಿನಲ್ಲಿ ಅದಕ್ಕೇನು ಬರ! ರಟ್ಟಿಗೆ ಅದು ಸರಿ, ಚಿತ್ರದ ಹಿಂದೆ ಬೇಡವೇ ಬೇಡ, ತಾಮ್ರ ಕಾಗದವನ್ನು ತಿನ್ನುತ್ತದೆ. ನಾವು ನಾಲ್ಕು ಹನಿ ಲವಂಗದ ಎಣ್ಣೆ ಹಾಕಿದೆವು.

ಹಚ್ಚುವುದು ಮೇಲಂಚಿಗೆ ಮಾತ್ರ, 5 ಮಿಲಿಮೀಟರ್. ನಾಲ್ಕಂಚಿಗೂ ಹಚ್ಚಿದರೆ ಎರಡೂ ಕಾಗದ ಬೇರೆ ಬೇರೆ ಹಿಗ್ಗಿ ನಡುವೆ ಗುಳ್ಳೆ ಬರುತ್ತದೆ. ಹತ್ತು ಚಿತ್ರಗಳನ್ನು ಬೆನ್ನು ಮೇಲಾಗಿ ಮೆಟ್ಟಿಲಿನಂತೆ ಸರಿಸಿಡಿ, ಒಂದೊಂದರದ್ದೂ ಮೇಲಂಚು 5 ಮಿಮೀ ಮಾತ್ರ ಹೊರಗೆ ಕಾಣಬೇಕು. ಕೊನೆಯದರ ಮೇಲೆ ರದ್ದಿ ಹಾಳೆ. ಕುಂಚವನ್ನು ರದ್ದಿಯಿಂದ ಹೊರಕ್ಕೆ ಎಳೆಯಿರಿ. ಒಳಕ್ಕೆ ಎಳೆದರೆ ಅಂಟು ಮುಂದಿನ ಚಿತ್ರದಡಿ ನುಗ್ಗುತ್ತದೆ. ರಟ್ಟಿನ ಎಲ್ ಆಕಾರದ ಅಳತೆಗೆ ಕೂರಿಸಿ, ಬಟ್ಟೆಯಲ್ಲಿ ಒಂದೇ ಸಲ ಒತ್ತಿ, ಇಪ್ಪತ್ತು ನಿಮಿಷ ಕಡಪ ಕಲ್ಲಿನ ಕೆಳಗಿಡಬೇಕು. ಕೈ ಪಳಗಿದ ಮೇಲೆ ಒಬ್ಬರಿಗೆ ಗಂಟೆಗೆ ಅರವತ್ತು ಆಗುತ್ತದೆ.

ಹನ್ನೆರಡು ಚಿತ್ರ ಸೇರಿದರೆ ಸುಮಾರು 2 ಮಿಮೀ ದಪ್ಪ. ಸಂಚಿಕೆ ಬಾಯಿ ತೆರೆದುಕೊಂಡೇ ಇರುತ್ತದೆ. ಅದೇ 170ರ ಕಾಗದದಲ್ಲಿ ಒಂದಿಂಚು ಅಗಲದ ಪಟ್ಟಿ ಕತ್ತರಿಸಿ, ಮಡಿಸಿ, ಪ್ರತಿ ಜೋಡಿ ಹಾಳೆಯ ಮಡಿಕೆಯಲ್ಲಿಟ್ಟು ಹೊಲಿದರೆ ಬೆನ್ನೂ ಅಷ್ಟೇ ದಪ್ಪವಾಗಿ ಸಮ ಕೂರುತ್ತದೆ.

ತೇವಕ್ಕೆ ಏನೇನೋ ಮಾಡಿ ನೋಡಿದ್ದಾಯಿತು. ಕಾಫಿ ಡ್ರೈಯರ್ ಪಕ್ಕದ ಕೋಣೆಯಲ್ಲಿ ಕಾಗದ ಇಟ್ಟರೆ ಗರಿಗರಿಯಾಯಿತು, ಹೊರಗೆ ತಂದ ರಾತ್ರಿಯೇ ತೇವ ಕುಡಿದು ಸುರುಳಿಯಾಯಿತು. ಒಣಗಿಸುವುದಲ್ಲ, ಒಂದೇ ಹದದಲ್ಲಿ ಇಡುವುದು ಮುಖ್ಯ. ಸುಮಾರು ಹದಿನೈದು ಸಾವಿರದ ಡಿಹ್ಯುಮಿಡಿಫೈಯರ್, ನಾನೂರು ರೂಪಾಯಿಯ ತೇವಮಾಪಕ, ಕಿಟಕಿಗೆ ಪ್ಲಾಸ್ಟಿಕ್, ಇಷ್ಟೇ. ಗಾಳಿಯ ತೇವವನ್ನು 55ರಿಂದ 60 ಪರ್ಸೆಂಟಿನೊಳಗೆ ನಿಲ್ಲಿಸಿ ಎರಡು ದಿನ ಕಾಗದವನ್ನು ಅದೇ ಕೋಣೆಯಲ್ಲಿ ಬಿಟ್ಟು, ಆಮೇಲೆ ಕೈ ಹಚ್ಚಬೇಕು. ಜೋರು ಮಳೆಯ ದಿನ ಯಂತ್ರದ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರು ತುಂಬುತ್ತಿತ್ತು.

ಅಷ್ಟು ತಾಪತ್ರಯವಿದ್ದರೂ ಆಷಾಢವೇ ಏಕೆಂದರೆ ರಟ್ಟಿನ ಚಿನ್ನದ ಅಚ್ಚಿಗಾಗಿ. ಆ ತಿಂಗಳು ಮದುವೆಗಳಿಲ್ಲ, ಲಗ್ನಪತ್ರಿಕೆ ಮಾಡುವವರ ಫಾಯಿಲ್ ಯಂತ್ರ ಖಾಲಿ, ಕೂಲಿ ಅರ್ಧಕ್ಕೆ ಇಳಿಯುತ್ತದೆ. ರಿಚ್ಚಿಯವರು ಬಳಸುತ್ತಿದ್ದ ಬೊದೊನಿ ಅಚ್ಚಕ್ಷರದಂತೆ ದಪ್ಪ-ತೆಳು ಗೆರೆಯ ಕನ್ನಡ ಅಕ್ಷರ ಬರೆಸಿ ನೋಡಿದೆವು. 14 ಪಾಯಿಂಟಿನಲ್ಲಿ ಒತ್ತಕ್ಷರದ ಹೊಟ್ಟೆಯೆಲ್ಲ ಚಿನ್ನ ತುಂಬಿತು, ತೆಳು ಗೆರೆ ಅಲ್ಲಲ್ಲಿ ಕಡಿಯಿತು. ಶಾಖ ಸ್ವಲ್ಪ ತಗ್ಗಿಸಿ, 24 ಪಾಯಿಂಟಿಗೆ ಏರಿಸಿ, ಜಿಂಕ್ ಬ್ಲಾಕನ್ನು ಆಳವಾಗಿ ಕೊರೆಸಿದ ಮೇಲೆ ‘ಕ್ಷ್ಮ’ ಕೂಡ ಸ್ವಚ್ಛವಾಗಿ ಬಿತ್ತು.

ಹಾಳಾದದ್ದನ್ನೂ ಯಂತ್ರವನ್ನೂ ಸೇರಿಸಿ ಖರ್ಚು ಒಂದೂಮುಕ್ಕಾಲು ಲಕ್ಷದ ಹತ್ತಿರ, ಪ್ರತಿಗೆ ಆರುನೂರರೊಳಗೆ. ಬೆಲೆ 1,200 ಇಟ್ಟೆವು. ದೀಪಾವಳಿಯೊಳಗೆ ಇನ್ನೂರು ಚಿಲ್ಲರೆ ಹೋದವು. ಮುಂದಿನ ಸಂಚಿಕೆ ಅಮೃತಾಪುರದ ಹೊಯ್ಸಳ ಗುಡಿಯದು. ಕಾಗದ ಈಗಲೇ ಬಂದು ಕೋಣೆಯಲ್ಲಿದೆ, ಗ್ರೇನ್ ನೋಡಿಯೇ ಇಳಿಸಿಕೊಂಡಿದ್ದೇವೆ.