ಪೊರಕೆ ಕತ್ತರಿಸಿದ ಮೇಲೆ

ಹದಿನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಮೇಲೂ ದ್ರವ್ಯರಾಶಿ ಕೇಂದ್ರದ, ಅಂದರೆ ವಸ್ತುವೊಂದು ವಾಲದೆ ಸಮನಾಗಿ ನಿಲ್ಲುವ ಬಿಂದುವಿನ, ಬಗ್ಗೆ ನನ್ನ ತಲೆಯಲ್ಲೊಂದು ತಪ್ಪು ಬೆಚ್ಚಗೆ ಕುಳಿತಿತ್ತು. ಅದನ್ನು ಎಬ್ಬಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಅಂದು ಉದ್ದ ಹಿಡಿಯ ಪೊರಕೆಯೊಂದನ್ನು ಎರಡು ತೋರುಬೆರಳುಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಬೆರಳುಗಳನ್ನು ನಿಧಾನವಾಗಿ ಒಳಕ್ಕೆ ತರುತ್ತಿದ್ದೆ. ಇದು ನನ್ನ ಹಳೆಯ ಆಟ. ಒಮ್ಮೆ ಎಡಬೆರಳು ಜಾರುತ್ತದೆ, ಒಮ್ಮೆ ಬಲಬೆರಳು. ಕೇಂದ್ರಕ್ಕೆ ಹತ್ತಿರವಿರುವ ಬೆರಳಿನ ಮೇಲೆ ಭಾರ ಹೆಚ್ಚು, ಅಲ್ಲಿ ಘರ್ಷಣೆಯೂ ಹೆಚ್ಚು. ಹಾಗಾಗಿ ಅದು ಕಚ್ಚಿಕೊಳ್ಳುತ್ತದೆ, ಇನ್ನೊಂದು ಸರಿಯುತ್ತದೆ. ಎಲ್ಲಿಂದ ಹೊರಟರೂ ಎರಡೂ ಸೇರುವುದು ಒಂದೇ ಕಡೆ. ನಮ್ಮ ಪೊರಕೆಯಲ್ಲಿ ಅದು ಕುಂಚದ ತುದಿಯಿಂದ 35 ಸೆಂಟಿಮೀಟರ್ ದೂರದಲ್ಲಿತ್ತು.

"ಅಲ್ಲಿಗೇ ಕತ್ತರಿಸಿದರೆ ಎರಡು ತುಂಡುಗಳೂ ಸಮ ತೂಗುತ್ತವೆಯೇ ಸರ್?" ಎಂದು ಅವಳು ಕೇಳಿದಳು.

"ಮತ್ತೇನಮ್ಮ, ಅದಕ್ಕೇ ಅಲ್ಲವೇ ಅದು ನಿಂತಿರುವುದು" ಎಂದುಬಿಟ್ಟೆ.

ಮಾತು ಬಾಯಿಂದ ಬಿದ್ದ ಮೇಲೆ ಅನುಮಾನ ಶುರುವಾಯಿತು. ಪೊರಕೆ ಹೇಗೂ ಹಳೆಯದು. ಗರಗಸ ತರಿಸಿ ಅಲ್ಲಿಗೇ ಕೊಯ್ದೆವು. ಎದುರಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ ಕುಂಚದ ತುಂಡು 520 ಗ್ರಾಂ, ಹಿಡಿಯ ತುಂಡು 240! ಹುಡುಗಿ ನಗಲಿಲ್ಲ; ಅದು ಅವಳ ದೊಡ್ಡತನ.

ಆಮೇಲೆ ತುಂಡುಗಳನ್ನು ಬೇರೆ ಬೇರೆಯಾಗಿ ಬೆರಳ ಮೇಲೆ ನಿಲ್ಲಿಸಿ ಅಳೆದೆವು. ಕುಂಚದ ತುಂಡು ಕೊಯ್ದ ಜಾಗದಿಂದ 22 ಸೆಂಟಿಮೀಟರಿನಲ್ಲಿ ನಿಂತಿತು, ಹಿಡಿ ನಲವತ್ತೇಳೂವರೆಯಲ್ಲಿ. ತೂಕವನ್ನು ದೂರದಿಂದ ಗುಣಿಸಿದಾಗ ಒಂದು ಕಡೆ 11,440, ಇನ್ನೊಂದು ಕಡೆ 11,400. ಪೊರಕೆಯನ್ನು ನಿಲ್ಲಿಸಿದ್ದು ಈ ಗುಣಲಬ್ಧಗಳು. ನನ್ನನ್ನು ಇಷ್ಟು ವರ್ಷ ದಾರಿ ತಪ್ಪಿಸಿದ್ದು ತಕ್ಕಡಿ ಎಂದು ಈಗ ಅನಿಸುತ್ತದೆ. ಅದರ ಎರಡು ತೋಳುಗಳೂ ಸಮ ಉದ್ದ. ಹಾಗಾಗಿ ಅಲ್ಲಿ ದೂರದ ಲೆಕ್ಕ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ವಾರ ಹಾರ್ಡ್‌ಬೋರ್ಡಿನಲ್ಲಿ ಕರ್ನಾಟಕದ ನಕ್ಷೆ ಕತ್ತರಿಸಿ ಅದರ ಕೇಂದ್ರ ಹುಡುಕಿದೆವು. ಅಂಚಿನಲ್ಲಿ ದೂರ ದೂರಕ್ಕೆ ಮೂರು ತೂತು. ಒಂದೊಂದರಿಂದಲೂ ಮೊಳೆಗೆ ನೇತುಹಾಕಿ, ಅದೇ ಮೊಳೆಯಿಂದ ತೂಗುಗುಂಡು ಇಳಿಬಿಟ್ಟು, ದಾರದ ಗುಂಟ ಗೆರೆ ಎಳೆಯುವುದು. ಮೊದಲ ಸಲ ಮೂರು ಗೆರೆಗಳೂ ಒಂದೆಡೆ ಸೇರದೆ ನಡುವೆ ತ್ರಿಕೋನ ಉಳಿಯಿತು. ತೂತುಗಳು ಬಿಗಿಯಾಗಿದ್ದವು, ಹಲಗೆ ಪೂರ್ತಿ ತೂಗಾಡುವ ಮೊದಲೇ ಮೊಳೆಗೆ ಅಂಟಿ ನಿಲ್ಲುತ್ತಿತ್ತು. ತೂತು ಸಡಿಲಿಸಿದ ಮೇಲೆ ಗೆರೆಗಳು ದಾವಣಗೆರೆಯಿಂದ ಈಶಾನ್ಯಕ್ಕೆ, ಹರಪನಹಳ್ಳಿ ಮತ್ತು ಜಗಳೂರಿನ ನಡುವೆ ಸೇರಿದವು. ಪೆನ್ಸಿಲ್ ತುದಿಯ ಮೇಲೆ ಆ ಜಾಗ ಇಟ್ಟರೆ ಇಡೀ ರಾಜ್ಯ ಅಲುಗಾಡುತ್ತ ನಿಂತಿತು.

ಪೊರಕೆಯ ಪಾಠ ಇಲ್ಲಿಯೂ ನಡೆಯಿತು. ಐದು ರೂಪಾಯಿಯ ನಾಣ್ಯವನ್ನು ದಾವಣಗೆರೆಯ ಮೇಲೆ ಅಂಟಿಸಿ ಮತ್ತೆ ಗೆರೆ ಎಳೆದಾಗ ಬಿಂದು ಕದಲಿದ್ದು ಗೊತ್ತಾಗಲೇ ಇಲ್ಲ. ಅದೇ ನಾಣ್ಯ ಬೀದರಿಗೆ ಹೋದಾಗ ಬಿಂದು ಉತ್ತರಕ್ಕೆ ಜರುಗಿದ್ದು ಹಿಂದಿನ ಬೆಂಚಿನವರಿಗೂ ಕಂಡಿತು.

ಆಗ ಹಿಂದಿನಿಂದ ಒಬ್ಬ ಎದ್ದು, "ಇದು ನಮ್ಮಪ್ಪನಿಗೆ ಗೊತ್ತು ಸರ್" ಎಂದ. ಗಾಡಿಗೆ ಹುಲ್ಲು ಹೇರಿದ ಮೇಲೆ, ಎತ್ತು ಕಟ್ಟುವ ಮೊದಲು, ಅವನ ತಂದೆ ಮೂಕಿಯನ್ನು, ಅಂದರೆ ನೊಗಕ್ಕೆ ಸೇರುವ ಗಾಡಿಯ ಉದ್ದ ಮರವನ್ನು, ಕೈಯಲ್ಲಿ ಎತ್ತಿ ನೋಡುತ್ತಾರಂತೆ. ಭಾರ ಚಕ್ರಗಳ ಇರುಸಿಗಿಂತ ಹಿಂದೆ ಬಿದ್ದರೆ ನೊಗ ಮೇಲೆದ್ದು ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ತೀರ ಮುಂದೆ ಬಿದ್ದರೆ ಹೆಗಲು ಕೆಡುತ್ತದೆ. ಮೂಕಿ ಕೈಗೆ ಹಗುರವಾಗಿ ಕೂರುವವರೆಗೂ ಹೊರೆಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸುತ್ತಾರೆ.

"ಎಷ್ಟು ಹಗುರ?" ಎಂದು ಕೇಳಿದೆ.

ಅವನು ಬಂದು ಮೇಜಿನ ಮೇಲಿದ್ದ ಪೊರಕೆಯ ಹಿಡಿಯನ್ನು ಎತ್ತಿ ತೂಗಿ ನೋಡಿದ. "ಇದಕ್ಕಿಂತ ಸ್ವಲ್ಪ ಜಾಸ್ತಿ ಸರ್."